ಹುಲಿ ಬಿಟ್ಟು ಇಲಿ ಯಾಕೆ?

"ಬ್ರಿಟಿಷರ ಟ್ಯಾಂಕ್ ಪಡೆಯೊಂದು ಇಲಿಯ ಲಾಂಛನ ಇಟ್ಟುಕೊಂಡಿತ್ತು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಸೈನ್ಯಕ್ಕೆ ಹುಲಿ, ಸಿಂಹ ಸಿಗಲಿಲ್ಲವೇ? ಬ್ಯಾಡ್ಜಿನ ಒಂದೊಂದು ಬಣ್ಣಕ್ಕೂ ಅರ್ಥ ಇರುತ್ತದಾ?" ಅಂತ ಕೇಳಿದ್ದೀರಿ.

ಅದು ಮನೆಯ ಇಲಿಯಲ್ಲ, ಸ್ವಾಮಿ. ಜರ್ಬೋವಾ ಎಂಬ ಮರುಭೂಮಿಯ ಇಲಿ. ಉದ್ದದ ಹಿಂಗಾಲಿನಿಂದ ಕುಪ್ಪಳಿಸಿಕೊಂಡು ಓಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳಿನಲ್ಲಿ ಕಾದಾಡಿದ 7ನೇ ಆರ್ಮರ್ಡ್ ಡಿವಿಜನ್ ಎಂಬ ಆ ಟ್ಯಾಂಕ್ ಪಡೆಗೆ ಹುಲಿಗಿಂತ ಇದೇ ಹತ್ತಿರದ ನೆಂಟ ಅಲ್ವಾ? 1945ರಲ್ಲಿ ಜರ್ಮನಿಯೊಳಗೆ ನುಗ್ಗಿದಾಗಲೂ ಅವರು ಇಲಿಯನ್ನು ಕೈಬಿಡಲಿಲ್ಲ.

ಇನ್ನು ಬಣ್ಣ. ಕೆಂಪು ಕಂಡರೆ ರಕ್ತ, ತ್ಯಾಗ ಅಂತ ಸುಮ್ನೆ ಹೇಳಿಬಿಡುವುದು ನಮಗೆಲ್ಲ ಅಭ್ಯಾಸ. ಅಮೆರಿಕದ ಅಂತರ್ಯುದ್ಧದಲ್ಲಿ 1862ರಲ್ಲಿ ನಡೆದದ್ದು ನೋಡಿ. ಜನರಲ್ ಫಿಲಿಪ್ ಕಿಯರ್ನಿ ತನ್ನವರೆಂದುಕೊಂಡು ಬೇರೆ ಪಡೆಯ ಅಧಿಕಾರಿಗಳನ್ನು ಚೆನ್ನಾಗಿ ಬೈದನಂತೆ. ಆಮೇಲೆ ತನ್ನ ಅಧಿಕಾರಿಗಳ ಟೋಪಿಗೆ ಕೆಂಪು ಬಟ್ಟೆಯ ತುಂಡು ಹೊಲಿಸಿದ. ಬರೀ ಗುರುತಿಗೆ! ಅದೇ ವರ್ಷ ಅವನು ಯುದ್ಧದಲ್ಲಿ ಸತ್ತ. ಆಗ ಆ ತುಂಡಿಗೆ ಬೇರೆಯೇ ತೂಕ ಬಂತು. ಗುರುತು ಮೊದಲು, ಅರ್ಥ ಆಮೇಲೆ. ಜಾಸ್ತಿ ಕಡೆ ಹೀಗೇ ಆಗಿದೆ ಅನ್ನುವುದು ನನ್ನ ಅಂದಾಜು.

ಯೋಚಿಸಿಯೇ ಮಾಡಿದವೂ ಇವೆ. ಅಮೆರಿಕದ 45ನೇ ಇನ್‌ಫೆಂಟ್ರಿ ಡಿವಿಜನ್ ಎಂಬ ಕಾಲಾಳು ಪಡೆಯಲ್ಲಿ ನಾಲ್ಕು ರಾಜ್ಯದವರಿದ್ದರು. ಹಾಗಾಗಿ ನಾಲ್ಕು ಬದಿಯ ಕೆಂಪು ಚೌಕ. ಅದರ ಮೇಲೆ ಹಳದಿ ಸ್ವಸ್ತಿಕ! ಅಲ್ಲಿನ ಮೂಲನಿವಾಸಿಗಳಿಗೆ ಅದು ಶುಭದ ಗುರುತು, ನಮ್ಮ ಹೊಸ್ತಿಲ ಮೇಲಿರುವ ಹಾಗೆ. ಹಿಟ್ಲರ್ ಅದನ್ನು ಕೆಡಿಸಿಟ್ಟ. 1939ರಲ್ಲಿ ಸ್ವಸ್ತಿಕ ಹೋಗಿ ಥಂಡರ್‌ಬರ್ಡ್ ಬಂತು. ಅದೂ ಮೂಲನಿವಾಸಿಗಳದೇ ಗುಡುಗಿನ ಹಕ್ಕಿ. ಬಣ್ಣಗಳು ಮಾತ್ರ ಹಳೆಯವೇ. ಅದೇ ಪಡೆ 1945ರಲ್ಲಿ ಡಾಕೌ ಯಾತನಾ ಶಿಬಿರಕ್ಕೆ ಕಾಲಿಟ್ಟಿತು.

ನನಗೆ ತುಂಬ ಇಷ್ಟವಾದದ್ದರಲ್ಲಿ ಪ್ರಾಣಿಯ ಶೌರ್ಯಕ್ಕಿಂತ ಬ್ಯಾಡ್ಜ್ ಇಡುವ ಜಾಗವೇ ಮುಖ್ಯ. 1801ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹತ್ತಿರ ಬ್ರಿಟಿಷರ 28ನೇ ಪದಾತಿ ರೆಜಿಮೆಂಟ್ ಎದುರಿನ ಫ್ರೆಂಚರ ಜೊತೆ ಕಾದಾಡುತ್ತಿತ್ತು. ಅಷ್ಟರಲ್ಲಿ ಫ್ರೆಂಚರದೇ ಕುದುರೆ ಪಡೆ ಹಿಂದಿನಿಂದ ಬಿತ್ತು. ಹಿಂದಿನ ಸಾಲಿನವರು ಓಡಲಿಲ್ಲ. ನಿಂತಲ್ಲೇ ತಿರುಗಿ, ಬೆನ್ನಿಗೆ ಬೆನ್ನು ಕೊಟ್ಟು ಹೊಡೆದರು. ಆ ನೆನಪಿಗೆ ಈ ರೆಜಿಮೆಂಟ್‌ನವರ ಟೋಪಿಗೆ ಮುಂದೊಂದು, ಹಿಂದೊಂದು ಬ್ಯಾಡ್ಜ್ ಬಂತು. ಹಿಂದಿನದು ಚಿಕ್ಕದು, ಅದರಲ್ಲೊಂದು ಸ್ಫಿಂಕ್ಸ್, ಅಂದರೆ ಸಿಂಹದ ಮೈ, ಮನುಷ್ಯನ ತಲೆಯ ಈಜಿಪ್ಟಿನ ಪ್ರಾಣಿ.