ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಮಕ್ಕಳನ್ನೂ ಕರೆದುಕೊಂಡು ಜಿಂಕೆ ಬೇಟೆಗೆ ಹೋಗುತ್ತಾರೆಯೇ?

ಹೌದು, ಕಾನೂನುಬದ್ಧವಾಗಿಯೇ ಹೋಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ ಇದು ವಿಚಿತ್ರವೆನಿಸುವುದು ಸಹಜ. ಆದರೆ ಅಲ್ಲಿ ಬೇಟೆ ಮನಬಂದಂತೆ ನಡೆಯುವುದಿಲ್ಲ. ಬಂದೂಕಿನ ಬೇಟೆಗೆ ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ಪ್ರದೇಶಕ್ಕೂ ಇಷ್ಟೇ ಪರವಾನಗಿ ಎಂದು ಮಿತಿ ಹಾಕಿ, ಲಾಟರಿ ಎತ್ತಿ ಹಂಚುತ್ತದೆ. ಹತ್ತು ವರ್ಷ ತುಂಬದವರು ಜಿಂಕೆ ಹೊಡೆಯುವಂತಿಲ್ಲ. 10ರಿಂದ 13 ವರ್ಷದವರು ಬೇಟೆಯ ಸುರಕ್ಷತಾ ತರಬೇತಿ ಮುಗಿಸಿರಲೇಬೇಕು. ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿ ತಮಗೆ ಬಂದ ಪರವಾನಗಿಯನ್ನು ಮಗುವಿಗೆ ವರ್ಗಾಯಿಸಬಹುದು. ಈ ನಿಯಮ ನನಗೆ ಬಹಳ ಹಿಡಿಸಿದೆ.

ಬೇಟೆಯ ಬಹುಪಾಲು ಹೊತ್ತು ನೋಡುವುದರಲ್ಲೇ ಕಳೆಯುತ್ತದೆ. ನಸುಕಿನಲ್ಲಿ ಗುಡ್ಡ ಹತ್ತಿ, ಬೈನಾಕ್ಯುಲರನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಎದುರಿನ ಇಳಿಜಾರನ್ನು ಗಂಟೆಗಟ್ಟಲೆ ಜಾಲಾಡುತ್ತಾರೆ. ಕತ್ತೆಯಂಥ ದೊಡ್ಡ ಕಿವಿಯ ಮ್ಯೂಲ್ ಜಿಂಕೆ ಪಾಪಾಸುಕಳ್ಳಿಯ ಬಯಲಿನಲ್ಲೂ ಇರುತ್ತದೆ. ಕೂಸ್ ಎಂಬ ಪುಟ್ಟ ಬಿಳಿಬಾಲದ ಜಿಂಕೆಯ ನೆಲೆ ಓಕ್ ಮರಗಳ ಬೆಟ್ಟಗಳು. ಅದರ ಗಂಡು ಕೂಡ 45 ಕಿಲೋ ದಾಟುವುದು ಅಪರೂಪ. ಬೂದು ಬಣ್ಣದ ಅದು ಬಂಡೆಗಳ ನಡುವೆ ನಿಂತರೆ ಅನುಭವಿಗಳೇ ಗುರುತಿಸಲಾರರು. ಮಕ್ಕಳ ಚುರುಕುಗಣ್ಣು ಇಲ್ಲಿ ನಿಜಕ್ಕೂ ನೆರವಿಗೆ ಬರುತ್ತದೆ.

ಜಿಂಕೆ ಬಿದ್ದ ಮೇಲೆ ಮನೆಮಂದಿಯೆಲ್ಲ ಕೈಜೋಡಿಸಬೇಕು. ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ಕೂಡಲೇ ಕರುಳು ತೆಗೆದು, ಚರ್ಮ ಸುಲಿದು, ನೆರಳಿನಲ್ಲಿ ಗಾಳಿಗೆ ಆರಿಸಿ, ಮಂಜುಗಡ್ಡೆಯ ಪೆಟ್ಟಿಗೆಗೆ ಸೇರಿಸಬೇಕು. ತಿನ್ನಬಹುದಾದ ಮಾಂಸವನ್ನು ಹಾಳುಗೆಡವುವುದು ಅಲ್ಲಿ ಅಪರಾಧ. ಕುಡಿಯುವ ನೀರನ್ನಂತೂ ಮನೆಯಿಂದಲೇ, ಬೇಕೆನಿಸಿದ್ದಕ್ಕಿಂತ ಹೆಚ್ಚಾಗಿ ಒಯ್ಯಿರಿ.