ತೊಗರಿ ಬೇಳೆಗೆ ಯಾವ ಬ್ಲಾಕ್‌ಚೈನ್?

ಪ್ರಶ್ನೆ: ಸರ್, ಇಲ್ಲಿನ ಒಂದು ರೈತ ಉತ್ಪಾದಕ ಕಂಪನಿಗೆ ಆ್ಯಪ್ ಮಾಡ್ತಿದ್ದೀವಿ. ತೊಗರಿ ಬೇಳೆ ಪಾಕೀಟಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಯಾವ ಊರಿನ ತೊಗರಿ, ಯಾವ ಮಿಲ್‌ನಲ್ಲಿ ಬೇಳೆಯಾಯ್ತು ಅಂತ ಗೊತ್ತಾಗಬೇಕು. ಇಥೀರಿಯಂ ಮೇಲೆ ಕಟ್ಟೋದಾ, ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಹಾಕೋದಾ? ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.
– ಓದುಗರು, ಕಲಬುರಗಿ

ಉತ್ತರ: ಬ್ಲಾಕ್‌ಚೈನ್ ಅಂದರೆ ಹಲವರ ಕಂಪ್ಯೂಟರುಗಳಲ್ಲಿ ಒಂದೇ ಪ್ರತಿ ಇರುವ, ಬರೆದದ್ದನ್ನು ಆಮೇಲೆ ಸುಲಭವಾಗಿ ತಿದ್ದಲಾಗದ ದಾಖಲೆ ಪುಸ್ತಕ. ಇಥೀರಿಯಂ ಯಾರು ಬೇಕಾದರೂ ಬಳಸಬಹುದಾದದ್ದು, ಫ್ಯಾಬ್ರಿಕ್ ಸಂಸ್ಥೆಗಳು ತಮ್ಮತಮ್ಮೊಳಗೆ ನಡೆಸಿಕೊಳ್ಳುವಂಥದ್ದು. ಯಾವ ಚೈನ್ ಅನ್ನುವುದು ಆಮೇಲೆ. ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಈ ದಾಖಲೆಗೆ ಯಾರ್ಯಾರು ಬರೆಯುತ್ತಾರೆ, ಅವರಲ್ಲಿ ಯಾರಿಗೆ ಯಾರ ಮೇಲೆ ನಂಬಿಕೆ ಇಲ್ಲ, ಸರ್ವರ್ ಯಾರ ಹತ್ತಿರ ಇರುತ್ತದೆ. ರೈತರ ಕಂಪನಿ, ದಾಲ್ ಮಿಲ್, ಗಂಜ್‌ನ ಅಡತಿ ಅಂಗಡಿ, ಲ್ಯಾಬ್, ಬೆಂಗಳೂರಿನ ಖರೀದಿದಾರ ಎಲ್ಲರೂ ಪಟ್ಟಿಯಲ್ಲಿ ಬರಬಹುದು. ಆದರೆ ಎಲ್ಲರ ಎಂಟ್ರಿಯನ್ನೂ ನಿಮ್ಮ ಆಫೀಸಿನ ಒಬ್ಬ ಹುಡುಗನೇ ಕೂತು ಟೈಪ್ ಮಾಡುತ್ತಾನೆ ಅಂದರೆ ಬರೆಯುವವರು ಒಬ್ಬರೇ ಆದರಲ್ವಾ? ಅಷ್ಟಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಕು.

ಫ್ಯಾಬ್ರಿಕ್ ಒಳ್ಳೆಯ ಸಾಫ್ಟ್‌ವೇರೇ. ಗುರುತಿರುವವರಷ್ಟೇ ಒಳಗೆ ಬರಬಹುದು, ಗ್ಯಾಸ್ ಫೀ (ಪ್ರತಿ ವಹಿವಾಟಿಗೂ ಜಾಲಕ್ಕೆ ಕಟ್ಟುವ ಶುಲ್ಕ) ಇಲ್ಲ, ಇಬ್ಬರ ನಡುವಿನ ದರ ಮೂರನೆಯವರಿಗೆ ಕಾಣದಂತೆ ಬೇರೆ ಚಾನೆಲ್ ಮಾಡಬಹುದು. ವಾಲ್‌ಮಾರ್ಟ್ ಮತ್ತು ಐಬಿಎಂ ಇದರ ಮೇಲೆ ಮಾವಿನಹಣ್ಣಿನ ಪ್ರಯೋಗ ಮಾಡಿದಾಗ ಹಣ್ಣು ಬಂದ ತೋಟ ಹುಡುಕುವ ಕೆಲಸ 7 ದಿನದಿಂದ 2.2 ಸೆಕೆಂಡಿಗೆ ಇಳಿಯಿತು. ಈ ಕತೆ ಎಲ್ಲ ಕಡೆ ಕೇಳಿಸುತ್ತದೆ, ಟ್ರೇಡ್‌ಲೆನ್ಸ್ ಕತೆ ಅಷ್ಟು ಕೇಳಿಸುವುದಿಲ್ಲ. ಅದೇ ಐಬಿಎಂ, ಹಡಗು ಕಂಪನಿ ಮರ್ಸ್ಕ್ ಜೊತೆ ಸೇರಿ 2018ರಲ್ಲಿ ಶುರು ಮಾಡಿದ ಸರಕು ಸಾಗಣೆಯ ಜಾಲ ಅದು. ಕೆಲಸವನ್ನೂ ಮಾಡುತ್ತಿತ್ತು. ಆದರೆ ಇಡೀ ಉದ್ಯಮ ಒಟ್ಟಿಗೆ ಬರಲಿಲ್ಲ ಅಂತ 2022ರ ನವೆಂಬರ್‌ನಲ್ಲಿ ಮುಚ್ಚುವುದಾಗಿ ಹೇಳಿಬಿಟ್ಟರು. ಅಷ್ಟು ದೊಡ್ಡವರಿಗೇ ಜನರನ್ನು ಕೂಡಿಸುವುದು ಆಗಲಿಲ್ಲ. ನಿಮ್ಮ ಮಿಲ್ ಮಾಲೀಕರು ತಮ್ಮದೇ ನೋಡ್ (ದಾಖಲೆಯ ಪ್ರತಿ ಇಡುವ ಕಂಪ್ಯೂಟರ್) ಇಟ್ಟುಕೊಂಡು, ಅದನ್ನು ನೋಡಿಕೊಳ್ಳುವವನಿಗೆ ತಿಂಗಳು ತಿಂಗಳು ಸಂಬಳ ಕೊಡಲು ತಯಾರಿದ್ದಾರಾ? ಕೇಳಿ ನೋಡಿ. ಎಲ್ಲ ನೋಡ್‌ಗಳೂ ನಿಮ್ಮ ಒಂದೇ ಕ್ಲೌಡ್ ಖಾತೆಯಲ್ಲಿದ್ದರೆ ಹೆಸರಿಗಷ್ಟೇ ಹಲವು ಸಂಸ್ಥೆ, ಬೀಗದ ಕೈ ಎಲ್ಲ ನಿಮ್ಮ ಹತ್ತಿರವೇ.

ನನ್ನನ್ನು ಕೇಳಿದರೆ ಹೀಗೆ ಮಾಡಿ. ದಾಖಲೆಗಳು ಮಾಮೂಲಿ ಡೇಟಾಬೇಸ್‌ನಲ್ಲೇ ಇರಲಿ. ಲಾಟ್ ನಂಬರ್, ತೂಕ, ತೇವಾಂಶ, ಬಂದ ತಾರೀಖು, ಇಷ್ಟನ್ನು ಸೇರಿಸಿ ಪ್ರತಿ ಲಾಟ್‌ಗೆ ಒಂದು ಹ್ಯಾಶ್ (ಆ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಸಂಕೇತ) ತೆಗೆಯಿರಿ. ಮಿಲ್‌ನವರು, ಲ್ಯಾಬ್‌ನವರು ತಮ್ಮ ತಮ್ಮ ಫೋನಿನಲ್ಲಿರುವ ಕೀಲಿಯಿಂದಲೇ ಅದಕ್ಕೆ ಡಿಜಿಟಲ್ ಸಹಿ ಹಾಕಲಿ. ಈ ಸಹಿ ಬಹಳ ಮುಖ್ಯ, ನೋಡ್ ನಡೆಸುವ ತಲೆನೋವಿಲ್ಲದೆ ಅವರವರ ಮಾತಿಗೆ ಅವರೇ ಹೊಣೆಯಾಗುತ್ತಾರೆ. ದಿನದ ಕೊನೆಗೆ ಆ ಎಲ್ಲ ಹ್ಯಾಶ್‌ಗಳಿಂದ ಒಂದೇ ಒಂದು ಮರ್ಕಲ್ ರೂಟ್ (ಹ್ಯಾಶ್‌ಗಳನ್ನು ಜೋಡಿ ಜೋಡಿಯಾಗಿ ಸೇರಿಸುತ್ತಾ ಹೋದರೆ ಕೊನೆಗೆ ಉಳಿಯುವ ಹ್ಯಾಶ್) ಮಾಡಿ, ಯಾರು ಬೇಕಾದರೂ ನೋಡಬಹುದಾದ ಪಬ್ಲಿಕ್ ಚೈನ್‌ಗೆ ಹಾಕಿ. ಅದು ಬರೀ 32 ಬೈಟ್. ನೂರು ಲಾಟ್ ಇರಲಿ, ಸಾವಿರ ಇರಲಿ, ದಿನಕ್ಕೆ ಒಂದೇ ವಹಿವಾಟು. ನಾಳೆ ಯಾರಾದರೂ ತೇವಾಂಶ 13 ಇದ್ದದ್ದನ್ನು 11 ಅಂತ ತಿದ್ದಿದರೆ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, ಮೂಲ ರೂಟ್‌ಗೆ ತಾಳೆಯಾಗುವುದಿಲ್ಲ. ಇದಕ್ಕೆ ಇಥೀರಿಯಂ ಮುಖ್ಯ ಚೈನೇ ಬೇಕಂತಿಲ್ಲ. ಆರ್ಬಿಟ್ರಮ್, ಬೇಸ್‌ನಂಥ ಲೇಯರ್ 2 ಜಾಲ (ಇಥೀರಿಯಂ ಮೇಲೆ ಕಟ್ಟಿದ ಅಗ್ಗದ ಜಾಲ) ಸಾಕು. 2024ರ ಮಾರ್ಚ್‌ನಲ್ಲಿ ಇಥೀರಿಯಂಗೆ ಡೆಂಕುನ್ ಅಪ್‌ಗ್ರೇಡ್ ಆದ ಮೇಲೆ ಅಲ್ಲಿನ ಶುಲ್ಕ ತುಂಬಾ ಇಳಿದಿದೆ.

ರೈತರ ಹೆಸರು, ಫೋನ್ ನಂಬರ್ ಮಾತ್ರ ಚೈನ್‌ಗೆ ಹಾಕಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ತಮ್ಮ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ, ಚೈನ್‌ನಲ್ಲಿ ಅಳಿಸುವುದು ಅನ್ನುವುದೇ ಇಲ್ಲ. ಹ್ಯಾಶ್ ಮಾಡಿ ಹಾಕ್ತೀವಿ ಅನ್ನಬೇಡಿ. ಹತ್ತು ಅಂಕಿಯ ಎಲ್ಲ ಫೋನ್ ನಂಬರುಗಳನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ತಾಳೆ ನೋಡುವುದು ಇವತ್ತಿನ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ.

ಇನ್ನೊಂದು ಮಾತು, ಇದರ ಬಗ್ಗೆ ನನಗೆ ನಿಜಕ್ಕೂ ಕಾಳಜಿ ಇದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಈಗ ಹೆಸರಿಗೇ ಬೆಲೆ ಇದೆ. ಮೊಜಾಂಬಿಕ್‌ನಿಂದ, ಮ್ಯಾನ್ಮಾರ್‌ನಿಂದ ಬಂದ ತೊಗರಿಯನ್ನು ಯಾರೋ ಚೀಲಕ್ಕೆ ಸುರಿದರೆ ಯಾವ ಬ್ಲಾಕ್‌ಚೈನಿಗೂ ಅದು ಕಾಣುವುದಿಲ್ಲ. ಆದರೆ ಲೆಕ್ಕ ಹಾಕಿ ಹಿಡಿಯಬಹುದು. ನೂರು ಕಿಲೋ ತೊಗರಿಗೆ ಸುಮಾರು 70–75 ಕಿಲೋ ಬೇಳೆ ಬರುತ್ತದೆ. ಹತ್ತು ಕ್ವಿಂಟಲ್ ತೊಗರಿಯ ಲಾಟ್‌ನಿಂದ ಒಂಬತ್ತು ಕ್ವಿಂಟಲ್ ಬೇಳೆಗೆ ಕ್ಯೂಆರ್ ಕೋಡ್ ಕೇಳಿದರೆ ನಿಮ್ಮ ಸಾಫ್ಟ್‌ವೇರ್ ಕೊಡಬಾರದು. ಬೇರೆ ಯಾವ ಫೀಚರ್ ಬಿಟ್ಟರೂ ಈ ನಿಯಮ ಬಿಡಬೇಡಿ.

ಪ್ರಶ್ನೆ: ಬಿದರಿ ಸಾಮಾನಿಗೆ ಡಿಜಿಟಲ್ ಸರ್ಟಿಫಿಕೇಟ್ ಕೊಡಬೇಕು ಅಂತಿದ್ದೀವಿ. ಒಬ್ಬರು, ನಿಮಗೇ ಅಂತ ಹೊಸ ಚೈನ್ ಮಾಡಿ ಟೋಕನ್ ಕೂಡ ಬಿಡೋಣ ಅಂತಾರೆ. ಮಾಡಿಸಬಹುದಾ?
– ಓದುಗರು, ಬೀದರ್

ಉತ್ತರ: ಬೇಡ. ಚೈನ್‌ಗೆ ಭದ್ರತೆ ಬರುವುದು ಅದನ್ನು ಕಾಯುವವರ ಸಂಖ್ಯೆಯಿಂದ, ಅವರು ಹೂಡಿದ ಹಣದಿಂದ. ಇಥೀರಿಯಂ ಕ್ಲಾಸಿಕ್‌ನಂಥ ಹೆಸರಿದ್ದ ಚೈನ್ ಮೇಲೇ 2020ರ ಆಗಸ್ಟ್ ಸುಮಾರಿಗೆ ಒಂದೇ ತಿಂಗಳಲ್ಲಿ ಮೂರು ಸಲ 51 ಪರ್ಸೆಂಟ್ ದಾಳಿ (ಕಾಯುವ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಒಬ್ಬರೇ ಹಿಡಿದು ದಾಖಲೆ ತಿರುಚುವುದು) ಆಯಿತು. ಟೋಕನ್ (ಕೊಂಡು ಮಾರಬಹುದಾದ ಡಿಜಿಟಲ್ ನಾಣ್ಯ) ಬಿಡುಗಡೆ ಮಾಡಿದರೆ ತೆರಿಗೆಯ ರಗಳೆ ಬೇರೆ: ಕೊಂಡವರು ಲಾಭಕ್ಕೆ ಮಾರಿದರೆ 30 ಪರ್ಸೆಂಟ್ ಕಟ್ಟಬೇಕು. ಕೊಳ್ಳುವವರಿಗೆ ಬೇಕಾದ್ದು ಹೂಜಿ ಅಸಲಿ ಅನ್ನುವ ಖಾತ್ರಿ, ನಾಣ್ಯ ಅಲ್ಲ. ಕುಶಲಕರ್ಮಿಯ ಸಹಿ, ಸಾಮಾನಿನ ಹತ್ತಿರದ ಫೋಟೊ, ಮೇಲೆ ಹೇಳಿದ ಹಾಗೆ ದಿನಕ್ಕೊಂದು ರೂಟ್. ಇಷ್ಟು ಸಾಕು.

ಪ್ರಶ್ನೆ: ಕೊನೆಯ ವರ್ಷದ ಇಂಜಿನಿಯರಿಂಗ್. ಫ್ಯಾಬ್ರಿಕ್ ಮೊದಲು ಕಲಿಯಲಾ, ಇಥೀರಿಯಂ ಕಲಿಯಲಾ?
– ವಿದ್ಯಾರ್ಥಿ, ಯಾದಗಿರಿ

ಉತ್ತರ: ಇಥೀರಿಯಂ. ಬ್ರೌಸರ್‌ನಲ್ಲೇ ರೀಮಿಕ್ಸ್ ಎಂಬ ಸಾಧನ ತೆರೆದು ಇಥೀರಿಯಂನ ಸಾಲಿಡಿಟಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬಹುದು, ಸೆಪೋಲಿಯಾ ಎಂಬ ಟೆಸ್ಟ್ ಜಾಲದಲ್ಲಿ ದುಡ್ಡಿಲ್ಲದೆ ಓಡಿಸಬಹುದು. ಫ್ಯಾಬ್ರಿಕ್‌ಗೆ ಡಾಕರ್, ಸರ್ಟಿಫಿಕೇಟ್, ಆರ್ಡರರ್ ಅಂತ ಹಲವು ಬಿಡಿಭಾಗಗಳನ್ನು ಜೋಡಿಸುವಷ್ಟರಲ್ಲೇ ಉತ್ಸಾಹ ಇಳಿದುಹೋಗುತ್ತದೆ. ಅದನ್ನು ಆಮೇಲೆ ಹಿಡಿಯಿರಿ, ಅಷ್ಟರಲ್ಲಿ ಫ್ಯಾಬ್ರಿಕ್ ಪ್ರೋಗ್ರಾಂ ಬರೆಯಲು ಬಳಸುವ ಗೋ ಭಾಷೆ ಸ್ವಲ್ಪ ಕಲಿತಿರಿ.