ಕರ್ಣನಿಗೆ ಸಾಟಿ ಅಕಿಲೀಸನೋ, ಹೆಕ್ಟರನೋ?

ಪ್ರಶ್ನೆ: ಮೊನ್ನೆ ನಮ್ಮೂರ ದೇವಸ್ಥಾನದಲ್ಲಿ ‘ಕರ್ಣಭೇದನ’ ತಾಳಮದ್ದಳೆ ಇತ್ತು. ಕೇಳಿ ಬಂದ ಮಗಳು, “ಕರ್ಣ ಅಂದ್ರೆ ಗ್ರೀಕರ ಅಕಿಲೀಸನೇ ಅಪ್ಪಾ” ಎಂದಳು. ಇಬ್ಬರೂ ದೇವಾಂಶದವರು, ಇಬ್ಬರ ಮೈಗೂ ಆಯುಧ ತಾಗದು ಎಂಬುದು ಅವಳ ವಾದ. ಇದು ಸರಿಯೇ? ಇಬ್ಬರಲ್ಲಿ ದೊಡ್ಡ ವೀರ ಯಾರು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮಗಳ ಮಾತಿನಲ್ಲಿ ಹುರುಳಿದೆ. ಆದರೆ ಅವಳು ಕೊಟ್ಟ ಕಾರಣಗಳು ಗಟ್ಟಿಯಿಲ್ಲ. ಅಕಿಲೀಸನ ಹಿಮ್ಮಡಿಗೆ ಮಾತ್ರ ಪೆಟ್ಟು ತಾಗುತ್ತದೆ ಎಂಬ ಕತೆ ಟ್ರಾಯ್ ಯುದ್ಧದ ಕತೆ ಹೇಳುವ ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನಲ್ಲಿ ಇಲ್ಲವೇ ಇಲ್ಲ, ಅದು ಎಷ್ಟೋ ಕಾಲದ ನಂತರ ಸೇರಿದ್ದು. ಇಲಿಯಡ್‌ನಲ್ಲಿ ಅವನಿಗೆ ಗಾಯವಾಗಿ ರಕ್ತವೂ ಬರುತ್ತದೆ. ಇನ್ನು ದೇವಾಂಶ. ಅಕಿಲೀಸ್ ಕಡಲ ಕರೆಯಲ್ಲಿ ಕೂತು ಅತ್ತರೆ ತಾಯಿ, ಕಡಲದೇವತೆ ಥೆಟಿಸ್ ನೀರಿನಿಂದ ಎದ್ದು ಬರುತ್ತಾಳೆ. ಕರ್ಣನ ತಾಯಿ ಬರುವುದು ಯುದ್ಧ ತಲೆಯ ಮೇಲೆ ಬಂದಾಗ, ಅದೂ ಪಾಂಡವರ ಪರವಾಗಿ ಕೇಳಲು. ಇವೆರಡನ್ನು ಒಂದೇ ಎನ್ನುವುದು ಹೇಗೆ?

ಇಬ್ಬರೂ ನಿಜವಾಗಿ ಹತ್ತಿರ ಬರುವುದು ಬೇರೆ ಕಡೆ. ಅವಮಾನವಾಯಿತೆಂದು ಇಬ್ಬರೂ ಯುದ್ಧದಿಂದ ಹೊರಗೆ ಕೂರುತ್ತಾರೆ. ಗ್ರೀಕ್ ಪಡೆಯ ದೊರೆ ಅಗಮೆಮ್ನಾನ್, ತನ್ನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರಿಸೇಯಿಸಳನ್ನು ಕಸಿದುಕೊಂಡನೆಂದು ಅಕಿಲೀಸ್ ಆಯುಧ ಕೆಳಗಿಡುತ್ತಾನೆ. ಭೀಷ್ಮ ತನ್ನನ್ನು ಅರ್ಧರಥ, ಅಂದರೆ ಅರ್ಧ ವೀರ ಎಂದನೆಂದು ಕರ್ಣ ಹತ್ತು ದಿನ ರಣಕ್ಕೆ ಇಳಿಯುವುದಿಲ್ಲ. ಒಬ್ಬನ ಸಿಟ್ಟು ಪಾಲಿನದು, ಇನ್ನೊಬ್ಬನ ನೋವು ಹುಟ್ಟಿನದು. ಪಂಪನ ಕರ್ಣ “ಕುಲಂ ಕುಲಮಲ್ತು ಚಲಂ ಕುಲಂ ಗುಣಂ ಕುಲಂ” ಎಂದು ಹಿರಿಯರ ಮುಖಕ್ಕೇ ಹೇಳುವುದು ಈ ಸಂದರ್ಭದಲ್ಲೇ. ಅಂಥ ಮಾತು ಅಕಿಲೀಸನ ಬಾಯಲ್ಲಿ ಬರಲಾರದು. ಅವನ ಕುಲವನ್ನು ಯಾರೂ ಕೆದಕಿದ್ದೇ ಇಲ್ಲವಲ್ಲ!

ನೀವು ಕೇಳಿದ ಪ್ರಸಂಗಕ್ಕೇ ಬನ್ನಿ. ನೀನೇ ಹಿರಿಯ, ಪಟ್ಟ ನಿನ್ನದೇ, ಧರ್ಮರಾಯ ನಿನಗೆ ಚಾಮರ ಬೀಸುತ್ತಾನೆ, ಅರ್ಜುನ ನಿನ್ನ ರಥ ಹೊಡೆಯುತ್ತಾನೆ ಎನ್ನುತ್ತಾನೆ ಕೃಷ್ಣ. ಅಕಿಲೀಸನ ಬಿಡಾರಕ್ಕೂ ಹೀಗೇ ಸಂಧಾನ ಬರುತ್ತದೆ. ಹತ್ತು ತಲಾಂತು (ಗ್ರೀಕರ ತೂಕದ ಅಳತೆ) ಚಿನ್ನ, ಹನ್ನೆರಡು ಕುದುರೆ, ಏಳು ಊರು, ರಾಜನ ಮಗಳು, ಬ್ರಿಸೇಯಿಸ್ ಕೂಡ ವಾಪಸು. ಇಬ್ಬರ ಉತ್ತರವೂ ಒಂದೇ: ಬೇಡ. ಆದರೆ ಅಕಿಲೀಸ್ ‘ಬೇಡ’ ಎಂದದ್ದು ತನ್ನವರಿಗೇ. ಅವರು ಸಾಯುತ್ತಿದ್ದರೂ ಅವನು ಎದ್ದು ಬರುವುದಿಲ್ಲ, ಜೀವದ ಗೆಳೆಯ ಪ್ಯಾಟ್ರೋಕ್ಲಸ್ ಸಾಯುವ ತನಕ. ಕರ್ಣ ‘ಬೇಡ’ ಎಂದದ್ದು ತನ್ನವರನ್ನು ಬಿಡಲಾರದೆ. ಸಾಕಿದ ರಾಧೆ, ಅಧಿರಥ, ನಂಬಿದ ದುರ್ಯೋಧನ. ಸೋಲುತ್ತೇವೆಂದು ಗೊತ್ತಿದ್ದೂ ಉಳಿಯುತ್ತಾನೆ. ತಾಳಮದ್ದಳೆಯಲ್ಲಿ ಪಾತ್ರವಾಗಿ ಕೂತು ಮಾತಾಡುವ ಒಳ್ಳೆಯ ಅರ್ಥಧಾರಿ ತನ್ನ ಮೊದಲ ಮಾತಾದ ಪೀಠಿಕೆಯಲ್ಲೇ ಇದನ್ನು ಹಿಡಿದುಬಿಡುತ್ತಾನೆ, ಅಲ್ವಾ?

ಹಾಗಾಗಿ ನನ್ನನ್ನು ಕೇಳಿದರೆ ಕರ್ಣನಿಗೆ ಅಕಿಲೀಸನ ಕೈಯಲ್ಲಿ ಸಾಯುವ ಟ್ರಾಯ್‌ನ ರಾಜಕುಮಾರ ಹೆಕ್ಟರನೇ ಹತ್ತಿರ. ಟ್ರಾಯ್ ಬೀಳುತ್ತದೆಂದು ಅವನಿಗೂ ಗೊತ್ತು. ಸಾಯುವ ಹೊತ್ತಿಗೆ ಇಬ್ಬರೂ ಎದುರಾಳಿಯಲ್ಲಿ ನ್ಯಾಯ ಕೇಳುತ್ತಾರೆ. ರಥದ ಗಾಲಿ ಎತ್ತುವ ತನಕ ತಡೆ ಎಂದು ಕರ್ಣ, ಹೆಣವನ್ನು ಮನೆಯವರಿಗೆ ಕೊಡು ಎಂದು ಹೆಕ್ಟರ್. ಇಬ್ಬರಿಗೂ ಸಿಗುವುದಿಲ್ಲ. ಆದರೆ ಹೆಕ್ಟರನಿಗೆ ಉತ್ತರವಾಗಿ ಬರುವುದು ಬರೀ ದ್ವೇಷ. ಕರ್ಣನಿಗೆ ಕೃಷ್ಣ ಲೆಕ್ಕ ಒಪ್ಪಿಸುತ್ತಾನೆ: ದ್ರೌಪದಿಯನ್ನು ಸಭೆಗೆ ಎಳೆತಂದಾಗ, ಅಭಿಮನ್ಯುವನ್ನು ಸುತ್ತುವರಿದು ಕೊಂದಾಗ ನಿನ್ನ ಧರ್ಮ ಎಲ್ಲಿತ್ತು? ಕರ್ಣನ ಮೇಲೆ ಎಷ್ಟು ಮರುಕವಿದ್ದರೂ ಈ ಪ್ರಶ್ನೆಯನ್ನು ಹಾರಿಸುವಂತಿಲ್ಲ. ಹೆಕ್ಟರನ ತಲೆಯ ಮೇಲೆ ಅಂಥ ಹೊರೆ ಇಲ್ಲ. ಆದರೆ ಅವನು ಹೆದರಿ ಕೋಟೆಯ ಸುತ್ತ ಮೂರು ಸುತ್ತು ಓಡುತ್ತಾನೆ. ಹೋಮರ್ ಅದನ್ನು ಮುಚ್ಚಿಡುವುದಿಲ್ಲ, ಅದು ನನಗೆ ಬಹಳ ಇಷ್ಟ.

ದೊಡ್ಡವರು ಯಾರು ಎಂಬುದನ್ನು ಸುಮ್ನೆ ಎದುರುಬದುರು ಕೂತ ಅರ್ಥಧಾರಿಗಳಿಗೇ ಬಿಡೋಣ. ಮಗಳಿಗೆ ಇಲಿಯಡ್‌ನ 9ನೇ ಭಾಗವನ್ನು ಇನ್ನೊಮ್ಮೆ ಓದಲು ಹೇಳಿ. ಸಂಧಾನಕ್ಕೆ ಬಂದ ಒಡಿಸ್ಯೂಸನಿಗೆ ಅಕಿಲೀಸ್ ಕೊಡುವ ಉತ್ತರ ಅಲ್ಲಿದೆ. ಅವಳು ಅದನ್ನು ಕನ್ನಡದಲ್ಲಿ ಅರ್ಥ ಹೇಳಲಿ, ಕೃಷ್ಣನಾಗಿ ನೀವು ಎದುರು ಕೂತುಕೊಳ್ಳಿ.